ಬಿಟ್ಟಿ ಸವಾರಿಯ ತೂಕ

ಆ ಪುಸ್ತಕದ ಮೂವತ್ತೆರಡನೆಯ ಪುಟದಲ್ಲಿ ಒಂದು ಸುಳ್ಳು ಅಚ್ಚಾಗಿದೆ. ಸೀಸನ್ ಗಾಡಿಗೆ ಎಪ್ಪತ್ತೈದು ವರ್ಷ ತುಂಬಿತೆಂದು ರೈಲು ಕಚೇರಿಯವರು ಹೊಳೆಯುವ ಕಾಗದದ ಮೇಲೆ ದಪ್ಪನೆಯ ಪುಸ್ತಕ ಮಾಡಿಸಿ, ಹಳೆಯ ನೌಕರರ ಮನೆಗಳಿಗೆಲ್ಲ ಅಂಚೆಯಲ್ಲಿ ಕಳಿಸಿದ್ದಾರೆ. ಆ ಪುಟದಲ್ಲಿರುವುದು ಒಂದು ಫೋಟೊ. ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ನಿಂತ ಮಕ್ಕಳು, ಇಸ್ತ್ರಿ ಮಾಡಿದ ಬಟ್ಟೆ, ನೀರು ಹಚ್ಚಿ ಬಾಚಿದ ತಲೆ. ಪ್ರತಿಯೊಬ್ಬರ ಎದೆಯ ಮೇಲೂ ಸೀಮೆಸುಣ್ಣದಲ್ಲಿ ಬರೆದ ಒಂದೊಂದು ಅಂಕಿ. ಕೆಳಗೆ ಹೀಗೆ ಬರೆದಿದ್ದಾರೆ: ‘ಸಿಬ್ಬಂದಿ ಕುಟುಂಬಗಳ ವಾರ್ಷಿಕ ಸಂತೋಷ ಪ್ರವಾಸ. ಮಕ್ಕಳು ಆಟದ ಸ್ಪರ್ಧೆಗೆ ಸಿದ್ಧರಾಗಿ ನಿಂತಿರುವುದು.’

ಎಡಗಡೆಯಿಂದ ಮೂರನೆಯ ಹುಡುಗಿ, ಎದೆಯ ಮೇಲೆ ಹತ್ತೊಂಬತ್ತು ಎಂದು ಬರೆಸಿಕೊಂಡು ಹಲ್ಲು ಬಿಟ್ಟು ನಗುತ್ತಿರುವವಳು, ನನ್ನ ಸೋದರತ್ತೆ. ನನ್ನ ಅಪ್ಪನ ಅಕ್ಕ. ಆಗ ಆರು ವರ್ಷ ಅವರಿಗೆ. ಅವರು ಯಾವ ಆಟಕ್ಕೂ ನಿಂತಿರಲಿಲ್ಲ. ಸಂತೋಷ ಪ್ರವಾಸವಂತೆ, ಆಟದ ಸ್ಪರ್ಧೆಯಂತೆ. ಓದಿದ ದಿನದಿಂದ ನನಗೆ ಮೈಯೆಲ್ಲ ಉರಿಯುತ್ತಿದೆ. ಆ ಹತ್ತೊಂಬತ್ತು ಏನೆಂದು ಬರೆದಿಡದೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಸೀಸನ್ ಗಾಡಿ ವರ್ಷದಲ್ಲಿ ನಾಲ್ಕೇ ತಿಂಗಳು ಓಡುವ ಗಾಡಿ. ಮಹಾನಗರದಲ್ಲಿ ಸೆಕೆ ತಡೆಯಲಾಗದೆ ಅನುಕೂಲಸ್ಥರು ಬೆಟ್ಟದ ಮೇಲಿನ ತಂಪು ಊರುಗಳಿಗೆ ಹೋಗುತ್ತಾರಲ್ಲ, ಅವರಿಗೆಂದೇ ಇದ್ದದ್ದು. ಐದು ಡಬ್ಬಿ, ಮಖಮಲ್ಲಿನ ಸೀಟು, ಮೊಣಕಾಲಿನಿಂದ ತಲೆಯವರೆಗೆ ಗಾಜಿನ ಕಿಟಕಿ, ಅದಕ್ಕೆ ಅಡ್ಡವಾಗಿ ಹಿತ್ತಾಳೆಯ ಸರಳು. ನಮ್ಮದು ಬೆಟ್ಟದ ಬುಡದ ಸ್ಟೇಷನ್ನು. ಅಲ್ಲಿ ಎಂಜಿನ್ ಬದಲಿಸಿ ಬ್ರೇಕ್ ನೋಡುವಷ್ಟರಲ್ಲಿ ಪ್ರಯಾಣಿಕರು ಕೆಳಗಿಳಿದು ಕಾಫಿ ಕುಡಿಯುತ್ತಿದ್ದರು. ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಒಣಹಾಕಿದ ಬಟ್ಟೆಗಳ ಫೋಟೊ ತೆಗೆದುಕೊಳ್ಳುತ್ತಿದ್ದರು. ಗಾಡಿ ಓಡದ ಎಂಟು ತಿಂಗಳೂ ಹಳಿಯ ಮೇಲೆ ಉರುಳಿದ ಬಂಡೆ ಸರಿಸಿ, ಕೊಚ್ಚಿಹೋದ ಜಲ್ಲಿ ತುಂಬಿ, ಬೋಲ್ಟು ಬಿಗಿ ಮಾಡಿ ಕಾಯುತ್ತಿದ್ದವರು ನಮ್ಮ ಜನ. ಆ ಗಾಡಿಯಲ್ಲಿ ಕೂರುವ ಯೋಗ ಮಾತ್ರ ಅವರಿಗಿರಲಿಲ್ಲ. ಸೀಟುಗಳೆಲ್ಲ ಆರು ತಿಂಗಳ ಮೊದಲೇ ನಗರದಲ್ಲೇ ಭರ್ತಿಯಾಗುತ್ತಿದ್ದವು.

ವರ್ಷದಲ್ಲಿ ಒಂದು ದಿನ ಬಿಟ್ಟು. ಸೀಸನ್ ಶುರುವಾಗುವ ಐದು ದಿನ ಮುಂಚೆ ಖಾಲಿ ಗಾಡಿ ಒಮ್ಮೆ ಬೆಟ್ಟ ಹತ್ತಿ ಇಳಿಯುತ್ತಿತ್ತು. ಆ ದಿನ ಹಳಿ ಕೆಲಸದವರ, ಗಾಡಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್‌ಗಳ, ಫಿಟ್ಟರುಗಳ ಮನೆಯವರೆಲ್ಲ ಬಿಟ್ಟಿಯಾಗಿ ಹತ್ತಬಹುದು. ನಾವು ಅದನ್ನು ‘ಸವಾರಿ’ ಅನ್ನುತ್ತಿದ್ದೆವು. ಒಂದೇ ಒಂದು ನಿಯಮ. ಹತ್ತುವ ಮೊದಲು ಪಾರ್ಸೆಲ್ ಕೋಣೆಯ ದೊಡ್ಡ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಗುಮಾಸ್ತ ತೂಕ ನೋಡಿ ಕಾಗದದಲ್ಲಿ ಬರೆದುಕೊಂಡು, ಸೀಮೆಸುಣ್ಣದಿಂದ ಎದೆಯ ಮೇಲೂ ಬರೆಯುತ್ತಿದ್ದ. ಹತ್ತೊಂಬತ್ತು ಕಿಲೋ, ಇಪ್ಪತ್ತೆರಡು ಕಿಲೋ, ಅರವತ್ತೊಂದು ಕಿಲೋ. ಫೋಟೊದಲ್ಲಿರುವ ಅಂಕಿ ಅದು.

ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ನಮಗೆ ಅದು ಹಬ್ಬವಾಗಿತ್ತು. ಹದಿನೈದು ದಿನ ಮುಂಚಿನಿಂದಲೇ ತಾಯಂದಿರು ಮಕ್ಕಳಿಗೆ ಇನ್ನೊಂದು ತುತ್ತು ಹೆಚ್ಚು ತಿನ್ನಿಸುತ್ತಿದ್ದರು. ಕಳೆದ ವರ್ಷಕ್ಕಿಂತ ತೂಕ ಕಡಿಮೆ ಬಂದರೆ ತಾಯಿಗೇ ಅವಮಾನ. ಎದೆಯ ಮೇಲಿನ ಅಂಕಿಯನ್ನು ಸಂಜೆಯವರೆಗೂ ಯಾರೂ ಒರೆಸುತ್ತಿರಲಿಲ್ಲ. ಒಬ್ಬ ದಢೂತಿ ಪಾಯಿಂಟ್ಸ್‌ಮನ್ ಇದ್ದ. ಆತನನ್ನು ಕಂಡರೆ ಸಾಹೇಬರುಗಳಿಗೆ ಬಲು ಪ್ರೀತಿ. ‘ಎರಡು ಮೂಟೆ ಬಂತು ನೋಡ್ರಯ್ಯ’ ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು, ಆತನೂ ನಗುತ್ತಿದ್ದ. ಕೊನೆಗೆ ಅದೇ ಆತನ ಹೆಸರಾಯಿತು. ಯಾವ ಮೂಟೆ, ಯಾಕೆ ಎರಡು ಎಂದು ಒಬ್ಬರಾದರೂ ಕೇಳಿದವರಿಲ್ಲ.

ಇಳಿಯುವಾಗ ಕಡಿದಾದ ಕಡೆಗಳಲ್ಲಿ ಗಾಡಿ ಮೂರು ಸಲ ಗಕ್ಕನೆ ನಿಲ್ಲುತ್ತಿತ್ತು. ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮಕ್ಕಳಿಗೆ ಅದೇ ದೊಡ್ಡ ಮಜಾ. ಒಂದು ವರ್ಷ ನಮ್ಮಜ್ಜಿ ಮುಂದಕ್ಕೆ ಮುಗ್ಗರಿಸಿ ಹಿತ್ತಾಳೆ ಸರಳಿಗೆ ಬಾಯಿ ಬಡಿದು ಮುಂದಿನ ಎರಡು ಹಲ್ಲು ಕಳೆದುಕೊಂಡರು. ‘ಸೀಸನ್ ಗಾಡಿಗೆ ಟಿಕೆಟ್ ಕೊಟ್ಟೆ’ ಎಂದು ಸಾಯುವವರೆಗೂ ಆ ಸಂದಿ ತೋರಿಸಿ ನಗುತ್ತಿದ್ದರು.

ಅತ್ತೆ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಪರೀಕ್ಷೆ ಬರೆದು, ಅದೇ ಪಾರ್ಸೆಲ್ ಕೋಣೆಯಲ್ಲಿ ತೂಕದ ಗುಮಾಸ್ತರಾಗಿ ಸೇರಿದರು. ಊರೆಲ್ಲ ಅವರನ್ನು ತಕ್ಕಡಿಯಮ್ಮ ಎಂದೇ ಕರೆಯಿತು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ. ಅಪ್ಪನ ಕ್ವಾರ್ಟರ್ಸಿನ ಪಕ್ಕದ ಒಂದೂವರೆ ಕೋಣೆಯಲ್ಲಿ ಒಬ್ಬರೇ ಇದ್ದರು. ಕೆಲಸದಲ್ಲಿ ಕಡ್ಡಿ ಮುರಿದ ಹಾಗೆ. ಸ್ಟೇಷನ್ ಮಾಸ್ತರರ ಹೆಂಡತಿ ತವರಿಗೆ ಕಳಿಸುವ ಪೆಟ್ಟಿಗೆ ಅರ್ಧ ಕಿಲೋ ಜಾಸ್ತಿ ಬಂದರೆ ಅರ್ಧ ಕಿಲೋ ಜಾಸ್ತಿ ಎಂದೇ ಬರೆಯುತ್ತಿದ್ದರು. ‘ಸ್ವಲ್ಪ ನೋಡಿಕೊಂಡು ಹಾಕಿ’ ಎಂದವರಿಗೆ, ‘ನೋಡಿಕೊಂಡೇ ಹಾಕ್ತಿರೋದು, ಮುಳ್ಳು ಅಲ್ಲೇ ಇದೆ, ನೀವೂ ನೋಡಿ’ ಎನ್ನುತ್ತಿದ್ದರು. ಬೆಳಿಗ್ಗೆ ಬಾಗಿಲು ತೆರೆದೊಡನೆ ಖಾಲಿ ಯಂತ್ರದ ಮುಳ್ಳು ಸೊನ್ನೆಗೆ ಬಂದಿದೆಯೇ ಎಂದು ಬಗ್ಗಿ ನೋಡಿಯೇ ಅವರು ಕುರ್ಚಿಗೆ ಕೂರುತ್ತಿದ್ದದ್ದು.

ಇಂಥವರು ಇಪ್ಪತ್ತೊಂಬತ್ತು ವರ್ಷ ಸವಾರಿಯ ದಿನ ನಮ್ಮನ್ನೆಲ್ಲ ತೂಗಿದರು. ಕೊನೆಯಲ್ಲಿ ಅಷ್ಟನ್ನೂ ಕೂಡಿ ‘ತೂಕದ ಚೀಟಿ’ ಬರೆದು ಸಹಿ ಹಾಕುತ್ತಿದ್ದರು. ಆ ಚೀಟಿ ಕೈಗೆ ಬಾರದೆ ಗಾರ್ಡು ಹಸಿರು ಬಾವುಟ ತೋರಿಸುವ ಹಾಗಿರಲಿಲ್ಲ. ಒಂದೇ ಡಬ್ಬಿಗೆ ದಪ್ಪಗಿರುವವರೆಲ್ಲ ನುಗ್ಗದಿರಲಿ, ದೋಣಿಯಲ್ಲಿ ನೋಡಿಕೊಳ್ಳುವಂತೆ ಇದೂ ಒಂದು ಎಚ್ಚರಿಕೆ ಎಂದು ಅತ್ತೆ ಅಂದುಕೊಂಡಿದ್ದರಂತೆ. ದೀಪದ ಬುಡದಲ್ಲೇ ಕತ್ತಲೆ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ನನಗೆ ಆಗ ಇಪ್ಪತ್ಮೂರು. ಹೆರಿಗೆಗೆ ತವರಿಗೆ ಬಂದವಳು ಸವಾರಿ ಮುಗಿಸಿಕೊಂಡೇ ಹೋಗುತ್ತೇನೆಂದು ಹಟ ಹಿಡಿದು ಉಳಿದಿದ್ದೆ. ಮಗಳಿಗೆ ಐದು ತಿಂಗಳು. ಅವಳ ಮೊದಲ ತೂಕವನ್ನು ಅತ್ತೆಯೇ ಬರೆಯಬೇಕು, ನಾನು ಕೂತ ಕಿಟಕಿಯಲ್ಲೇ ಅವಳೂ ಕೂರಬೇಕು ಎಂಬ ಆಸೆ. ಅಪ್ಪ ಬ್ರೇಕ್ ಫಿಟ್ಟರು. ಆ ವರ್ಷ ಅವರು ಊಟದ ಹೊತ್ತಿನಲ್ಲಿ ಒಂದೇ ಸಮ ಗೊಣಗುತ್ತಿದ್ದರು. ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕ್ ಬ್ಲಾಕುಗಳನ್ನು ಹೊಸ ಕಡೆಯಿಂದ ತರಿಸಿದ್ದರು, ಅವನ್ನು ಕೂರಿಸಿದವರೂ ಹೊರಗಿನವರು.

ಸವಾರಿಯ ದಿನ ಬೆಳಿಗ್ಗೆ ಎಂಟಕ್ಕೇ ಪಾರ್ಸೆಲ್ ಕೋಣೆಯ ಮುಂದೆ ಸಾಲು. ಕೈಯಲ್ಲಿ ಬುತ್ತಿ, ಬಗಲಲ್ಲಿ ನೀರಿನ ಬಾಟಲಿ. ನಲವತ್ತು ಜನರ ತೂಕ ಮುಗಿದ ಮೇಲೆ ನನ್ನ ಸರದಿ ಬಂತು. ಅತ್ತೆ ತಮ್ಮ ಸ್ವಂತ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಯಂತ್ರದ ಕಬ್ಬಿಣದ ಹಲಗೆಯ ಮೇಲೆ ಹಾಸಿ ಮಗುವನ್ನು ಮಲಗಿಸಿದರು. ಟವೆಲ್ಲಿನ ತೂಕವನ್ನೂ ಮೊದಲೇ ನೋಡಿಟ್ಟುಕೊಂಡಿದ್ದರು, ಅದನ್ನು ಕಳೆದರು. ಆರೂವರೆ ಕಿಲೋ.

ಪಾರ್ಸೆಲ್ ಕೋಣೆಗೂ ದೊಡ್ಡ ಸಾಹೇಬರ ಕೋಣೆಗೂ ನಡುವೆ ಒಂದೇ ಹಲಗೆಯ ಅಡ್ಡಗೋಡೆ. ಆಚೆ ಕಡೆ ಆ ವರ್ಷವಷ್ಟೇ ಬಂದ ಚಿಕ್ಕ ಎಂಜಿನಿಯರ್ ಮೆಲ್ಲಗೆ ಹೇಳುತ್ತಿದ್ದ.

“ಸರ್, ನಿಯಮದಲ್ಲಿ ಬ್ರೇಕ್ ಪರೀಕ್ಷೆಗೆ ಮರಳು ಮೂಟೆ ಅಂತ ಇದೆ. ಜನ ಅಂತ ಎಲ್ಲೂ ಇಲ್ಲ. ಅದರಲ್ಲೂ ಈ ಸಲ ಬ್ಲಾಕು ಬೇರೆ ಹೊಸದು.”

ಸಾಹೇಬರು ನಕ್ಕರು. “ಮರಳು ತಾನಾಗಿ ಹತ್ತಲ್ಲ ಕಣಯ್ಯ. ತುಂಬೋಕೆ ಎರಡು ದಿನ, ಇಳಿಸೋಕೆ ಎರಡು ದಿನ. ಇವರಾದ್ರೆ ತಾವೇ ಹತ್ತುತ್ತಾರೆ, ತಾವೇ ಇಳೀತಾರೆ. ಮೇಲೆ ನಮಗೇ ಥ್ಯಾಂಕ್ಸ್ ಹೇಳ್ತಾರೆ.”

ಅತ್ತೆಯ ಕೈಯಲ್ಲಿದ್ದ ಸೀಮೆಸುಣ್ಣ ಮಗುವಿನ ಅಂಗಿಗೆ ಇನ್ನೂ ತಾಗಿರಲಿಲ್ಲ. ಅವರು ಅಡ್ಡಗೋಡೆಯ ಕಿಂಡಿಯತ್ತ ಹೋಗಿ ಕೇಳಿದರು.

“ಸಾರ್, ಮಗೂದೂ ಬರೀಬೇಕಾ?”

“ಬರೀಮ್ಮ. ಎಷ್ಟಿದ್ರೆ ಅಷ್ಟಾಯ್ತು.”

ಅತ್ತೆ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಯಂತ್ರದ ಮುಳ್ಳಿಗೆ ಬೀಗದ ಕೊಂಡಿ ಸಿಕ್ಕಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು.

“ಎಲ್ಲರೂ ಮನೆಗೆ ಹೋಗಿ. ಸವಾರಿ ಅಲ್ಲ ಇದು. ಬ್ರೇಕ್ ಹಿಡಿಯುತ್ತೋ ಇಲ್ವೋ ಅಂತ ನೋಡೋಕೆ ಮರಳು ಹಾಕ್ಬೇಕಾದ ಜಾಗಕ್ಕೆ ನಮ್ಮನ್ನ ಹಾಕ್ತಿದಾರೆ. ಇಷ್ಟು ವರ್ಷಾನೂ ಅದೇ. ನಾನೇ ತೂಗಿ ತೂಗಿ ಕಳಿಸಿದೀನಿ.”

ಜನ ಒಬ್ಬರ ಮುಖ ಒಬ್ಬರು ನೋಡಿದರು. ನಂಬಿದವರು ಕಡಿಮೆ, ಸಿಟ್ಟಾದವರು ಹೆಚ್ಚು. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತಲ್ಲ ಎಂದು ಹೆಂಗಸರು ಗೊಣಗಿದರು. ಆ ‘ಎರಡು ಮೂಟೆ’ ಮುಂದೆ ಬಂದು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಅಲ್ಲಮ್ಮ, ಮರಳಿನ ಬದಲೋ ಮಣ್ಣಿನ ಬದಲೋ, ಕೂರೋಕೆ ಸಿಗುತ್ತಲ್ಲ. ಇಲ್ದಿದ್ರೆ ಆ ಸೀಟಿನ ಮೇಲೆ ನಮ್ಮನ್ನ ಯಾರು ಕೂರಿಸ್ತಾರೆ?”

ಇಷ್ಟು ಕಡಿಮೆಗೆ ಒಪ್ಪಿಕೊಳ್ಳುವ ಹಾಗೆ ಒಂದಿಡೀ ಸಾಲು ಮನೆಗಳನ್ನು ಬೆಳೆಸಿದ್ದರಲ್ಲ, ಆ ಪಾಪಕ್ಕೆ ಯಾವ ಪುಟದಲ್ಲಿ ಫೋಟೊ ಹಾಕುತ್ತಾರೆ?

ಆದರೆ ಎಲ್ಲರಿಗಿಂತ ಕೆಟ್ಟ ಮಾತಾಡಿದವಳು ನಾನು. ಎಲುಬಿಲ್ಲದ ನಾಲಿಗೆ. ಮಗುವನ್ನು ಎತ್ತಿಕೊಳ್ಳಲೂ ಮರೆತು, ಅಷ್ಟು ಜನರ ಮುಂದೆ ಹೇಳಿದೆ: “ಅತ್ತೆ, ನಿಮಗೆ ಮಕ್ಕಳಿಲ್ಲ. ಮಕ್ಕಳ ಸಂತೋಷ ಏನು ಅಂತ ಹೆತ್ತವರಿಗೆ ಗೊತ್ತು. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಇಡಬೇಡಿ.”

ಅತ್ತೆ ಸಾಲಿನ ಪಕ್ಕದಲ್ಲಿ ನಿಂತಿದ್ದ ಅಪ್ಪನತ್ತ ತಿರುಗಿದರು.

“ನಿನಗೆ ಗೊತ್ತಿತ್ತಾ?”

ಅಪ್ಪ ಎಣ್ಣೆ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. “ಗೊತ್ತಿತ್ತು ಅಕ್ಕ,” ಅಂದರು. “ಬ್ರೇಕ್ ಕೆಲಸದವನಿಗೆ ಗೊತ್ತಿರಲ್ವಾ? ನನ್ನ ಕೈಯಾರೆ ಕೂರಿಸಿದ್ದು, ನನಗೆ ಅದರ ಮೇಲೆ ನಂಬಿಕೆ ಇತ್ತು. ಮಕ್ಕಳು ವರ್ಷಕ್ಕೊಂದು ಸಲ ಕೂತ್ಕೊಳ್ಳಲಿ ಅಂತ ಸುಮ್ಮನಿದ್ದೆ.”

“ಈ ವರ್ಷದ್ದು ನಿನ್ನ ಕೈಯದಾ?”

ಅಪ್ಪ ಒಳಗೆ ಹೋಗಿ ಯಂತ್ರದ ಮೇಲೆ ಮಲಗಿದ್ದ ಮಗುವನ್ನು ಟವೆಲ್ಲಿನ ಸಮೇತ ಎತ್ತಿ ತಂದು ನನ್ನ ಕೈಗಿಟ್ಟರು. ಅವರ ಹೆಬ್ಬೆರಳಿನ ಎಣ್ಣೆ ಮಗುವಿನ ಹೊಸ ಅಂಗಿಗೆ ಹತ್ತಿತು. ಆಮೇಲೆ ಅಮ್ಮನ ಕೈಯಿಂದ ಬುತ್ತಿ ಇಸಿದುಕೊಂಡು ಮನೆಯ ಕಡೆ ನಡೆದರು. ಅವರ ಹಿಂದೆ ಅಮ್ಮ, ಅಮ್ಮನ ಹಿಂದೆ ಇನ್ನೂ ನಾಲ್ಕಾರು ಮನೆಯವರು. ಸಾಲು ಮುರಿಯಿತು.

ಸಾಹೇಬರು ಹೊರಗೆ ಬಂದು ಮೊದಲು ನಯವಾಗಿ, ಆಮೇಲೆ ಜೋರಾಗಿ ಹೇಳಿ ನೋಡಿದರು. ಅತ್ತೆ ಒಂದೇ ಮಾತು: “ಮರಳು ತೂಗಿ ಅಂದ್ರೆ ಈಗಲೇ ತೂಗ್ತೀನಿ ಸಾರ್. ಮನುಷ್ಯರ ಚೀಟಿಗೆ ನನ್ನ ಸಹಿ ಇಲ್ಲ.” ನಿಯಮ ಅವರ ಪರ ಇತ್ತು. ನಿಯಮ ತೋರಿಸಿದ ತಪ್ಪಿಗೆ ಆ ಚಿಕ್ಕ ಎಂಜಿನಿಯರನ್ನು ಮುಂದಿನ ವರ್ಷ ಎಲ್ಲಿಗೋ ಎತ್ತಿ ಹಾಕಿದರು, ಅದು ಬೇರೆ ಕತೆ.

ಎರಡು ದಿನ ಹಗಲೆಲ್ಲ ಮರಳು ತುಂಬಿದರು. ತುಂಬಿದವರು ಯಾರೆಂದುಕೊಂಡಿರಿ? ನಮ್ಮವರೇ. ಪ್ರತಿ ಮೂಟೆ ಹೊರುವಾಗಲೂ ಒಂದೊಂದು ಬೈಗುಳ, ಎಲ್ಲವೂ ಅತ್ತೆಯ ಹೆಸರಿಗೆ. ನೂರಾ ತೊಂಬತ್ತಾರು ಮೂಟೆಯನ್ನೂ ಅತ್ತೆ ಒಂದೊಂದಾಗಿ ತೂಗಿದರು. ಮರಳು ತಾಗಿ ಮಖಮಲ್ಲು ಹಾಳಾಗಬಾರದೆಂದು ಸೀಟುಗಳ ಮೇಲೆ ಬಿಳಿ ಹೊದಿಕೆ ಹಾಸಲು ಸಾಹೇಬರ ಅಪ್ಪಣೆಯಾಯಿತು. ಪ್ರತಿ ವರ್ಷ ನಮ್ಮನ್ನು ಚಪ್ಪಲಿ ಕೆಳಗೆ ಬಿಡಿಸಿ ಹತ್ತಿಸುತ್ತಿದ್ದವರು ಇವರೇ. ಮೂಟೆಗೆ ಹಾಸಿಗೆ, ನಮಗೆ ಬರಿಗಾಲು.

ಮೂರನೆಯ ದಿನ ಗಾಡಿ ಹತ್ತಿತು, ಇಳಿಯಿತು. ಬ್ರೇಕು ಹಿಡಿಯಿತು. ಮೂರು ಕಡೆಯೂ ಸುಣ್ಣ ಬಳಿದ ಗುರುತಿನ ಕಲ್ಲು ದಾಟದೆ ಗಾಡಿ ನಿಂತಿತು. ಹೊಸ ಬ್ಲಾಕಿನಲ್ಲಿ ಏನೂ ದೋಷವಿರಲಿಲ್ಲ. ಸಾಹೇಬರು ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರೆದುರು ಅತ್ತೆಗೆ ಹೇಳಿದರು: “ನೋಡಿದ್ರಾ? ಸುಮ್ಮನೆ ಇಷ್ಟು ಜನರ ಸಂತೋಷ ಹಾಳು ಮಾಡಿದ್ರಿ.”

ಅತ್ತೆ ಹೇಳಿದರು: “ಒಳ್ಳೇದಾಯ್ತು ಸಾರ್. ಮುಂದಿನ ವರ್ಷ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ. ನಿಮ್ಮನ್ನೇ ಮೊದಲು ತೂಗ್ತೀನಿ.”

ಯಾರೂ ನಗಲಿಲ್ಲ. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೂರನೆಯ ಡಬ್ಬಿಯ ಕಿಟಕಿಯಲ್ಲಿ ಇಣುಕಿದೆ. ನಾನು ಯಾವಾಗಲೂ ಕೂರುತ್ತಿದ್ದ ಸೀಟು ಖಾಲಿ ಇತ್ತು. ಅದರ ಮೇಲಿದ್ದ ಮೂಟೆ ಎಗರಿ ಹಿತ್ತಾಳೆ ಸರಳಿಗೆ ಬಡಿದು ಒಡೆದು, ಮರಳೆಲ್ಲ ನೆಲಕ್ಕೆ ಸುರಿದಿತ್ತು. ಐವತ್ತು ಕಿಲೋದ ಮೂಟೆ. ಬ್ರೇಕು ಚೆನ್ನಾಗಿ ಹಿಡಿದದ್ದಕ್ಕೇ ಹಾಗಾದದ್ದು. ನನ್ನ ಸೊಂಟದ ಮೇಲಿನ ಆರೂವರೆ ಕಿಲೋ ಬಾಯಲ್ಲಿ ಬೆರಳಿಟ್ಟುಕೊಂಡು ಆ ಮರಳನ್ನು ನೋಡುತ್ತಿತ್ತು. ಆಗಲೇ ಹೋಗಿ ಅತ್ತೆಯ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ಎರಡು ವರ್ಷ ಮಾತು ಬಿಟ್ಟೆ. ತಪ್ಪು ನನ್ನದೆಂದು ಗೊತ್ತಿದ್ದದ್ದರಿಂದಲೇ ಬಿಟ್ಟೆ.

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಮರಳೇ ಹತ್ತಿತು. ಅತ್ತೆ ನಿವೃತ್ತರಾದ ಮೇಲೂ ಹಾಗೇ ನಡೆಯಿತು. ಆದರೆ ನಮ್ಮ ಜನರ ಸವಾರಿ ನಿಂತೇ ಹೋಯಿತು. ಕ್ವಾರ್ಟರ್ಸಿನಲ್ಲಿ ಅತ್ತೆಗೆ ಹೊಸ ಹೆಸರು ಬಿತ್ತು, ‘ಮನೆಗೆ ಮಾರಿ’. ನಲ್ಲಿಯ ಹತ್ತಿರ ಅವರ ಬಿಂದಿಗೆಯನ್ನು ಹಿಂದಕ್ಕೆ ಸರಿಸುತ್ತಿದ್ದರು. ಅವರು ಯಾರ ಮೇಲೂ ರೇಗಲಿಲ್ಲ, ಕಚೇರಿಯ ಮೇಲೆ ರೇಗಿದರು. ವರ್ಷಕ್ಕೊಂದು ಪತ್ರ. ಇಪ್ಪತ್ತಾರು ಪತ್ರ ಬರೆದಿದ್ದಾರೆ. ಕೇಳಿದ್ದು ಇಷ್ಟೇ: ಪರೀಕ್ಷೆ ಮುಗಿದ ಮೇಲೆ, ಸೀಸನ್ನಿನ ಯಾವುದಾದರೂ ಒಂದು ದಿನ, ಹಳಿ ಕಾಯುವವರ ಕುಟುಂಬಗಳನ್ನು ಆ ಗಾಡಿಯಲ್ಲಿ ಪ್ರಯಾಣಿಕರಾಗಿ ಕರೆದುಕೊಂಡು ಹೋಗಬೇಕು. ಉತ್ತರ ಬಂದಾಗಲೆಲ್ಲ ‘ಅವಕಾಶವಿರುವುದಿಲ್ಲ’ ಎಂದೇ ಬಂತು. ನನ್ನ ಕೈಯಲ್ಲಿ ನಾಲ್ಕು ಕಾಸು ಓಡಾಡಲು ಶುರುವಾದ ಮೇಲೆ ನಾನೇ ಟಿಕೆಟ್ ತೆಗೆಸುತ್ತೇನೆ ಬನ್ನಿ ಎಂದು ಎಷ್ಟು ಸಲ ಕರೆದೆನೋ. “ನಾನು ಕೇಳಿದ್ದು ನನಗೊಬ್ಬಳಿಗಲ್ಲ,” ಎಂದು ಬರಲಿಲ್ಲ. ಆ ಗಾಡಿಯಲ್ಲಿ ಟಿಕೆಟ್ ಹಿಡಿದು ಅವರು ಒಮ್ಮೆಯೂ ಕೂತಿಲ್ಲ.

ಈಗ ಅತ್ತೆಗೆ ಎಪ್ಪತ್ತೊಂಬತ್ತು. ನನ್ನ ಮನೆಯಲ್ಲೇ ಇದ್ದಾರೆ. ಆ ಪುಸ್ತಕ ಬಂದದ್ದು ಕಳೆದ ವಾರ. ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಹದಿನೆಂಟೂವರೆ ಇದ್ದೆ,” ಅಂದರು. “ಮುಳ್ಳು ನಾನೇ ನೋಡಿದೀನಿ. ಅರ್ಧ ಕಿಲೋ ಜಾಸ್ತಿ ಬರ್ದಿದಾನೆ ಆ ಗುಮಾಸ್ತ.”

ಪುಸ್ತಕದ ನಡುವಿನಿಂದ ಒಂದು ಕಾರ್ಡು ಜಾರಿ ಬಿತ್ತು. ನನ್ನ ಮಗಳು ಎತ್ತಿಕೊಂಡು ಗಟ್ಟಿಯಾಗಿ ಓದಿದಳು. ಎಪ್ಪತ್ತೈದನೆಯ ವರ್ಷದ ಅಂಗವಾಗಿ ಹಳೆಯ ಸಿಬ್ಬಂದಿಗೂ ಅವರ ಕುಟುಂಬಗಳಿಗೂ, ಈ ವರ್ಷ ಬಂದ ಹೊಚ್ಚ ಹೊಸ ಡಬ್ಬಿಗಳಲ್ಲಿ, ಉಚಿತ ಸಂತೋಷ ಪ್ರವಾಸ. ನನಗೆ ಕಣ್ಣು ತುಂಬಿ ಬಂತು. “ಅತ್ತೆ, ಕೊನೆಗೂ ಕೇಳಿಸ್ಕೊಂಡ್ರು ನೋಡಿ,” ಅಂದೆ.

“ಯಾವತ್ತಂತೆ?” ಅಂದರು ಅತ್ತೆ.

ಮಗಳು ತಾರೀಖು ಹೇಳಿದಳು.

“ಸೀಸನ್ ಶುರು ಯಾವತ್ತು?”

ಮಗಳು ಪುಸ್ತಕದ ಹಿಂದಿನ ರಟ್ಟು ತಿರುಗಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಸರಿಯಾಗಿ ಐದು ದಿನ ಆದಮೇಲೆ.

ಬೇಕೆಂದೇ ಮಾಡಿದರೋ, ಗೊತ್ತಿಲ್ಲದೆ ಮಾಡಿದರೋ ನಾನು ಹೇಳಲಾರೆ. ಬೇಕೆಂದೇ ಮಾಡಿದ್ದರೆ ಅವರಿಗೆ ಧಿಕ್ಕಾರ. ಗೊತ್ತಿಲ್ಲದೆ ಮಾಡಿದ್ದರೆ ಇನ್ನೂ ಕೆಟ್ಟದ್ದು, ಇಪ್ಪತ್ತಾರು ಪತ್ರದಲ್ಲಿ ಒಂದನ್ನೂ ಯಾರೂ ಓದಿಲ್ಲವೆಂದಾಯಿತು. ನಾನು ಕೂಗಾಡಿದೆ. ಪುಸ್ತಕವನ್ನು ಒಲೆಗೆ ಹಾಕುತ್ತೇನೆಂದೆ.

“ಹೋಗೋದು ಬೇಡ ಬಿಡಿ ಅಜ್ಜಿ,” ಅಂದಳು ಮಗಳು.

“ಹೋಗಲ್ಲ ಅಂತ ಯಾರಂದ್ರು?” ಅಂದರು ಅತ್ತೆ. “ಪೆನ್ನು ತಾ.”

ಕಾರ್ಡಿನ ಕೆಳಭಾಗದಲ್ಲಿ ಹರಿದು ಕಳಿಸಬೇಕಾದ ಚೀಟಿ ಇತ್ತು. ಬರುವವರ ಸಂಖ್ಯೆ ಎಂಬಲ್ಲಿ ಮೂರು ಎಂದು ತುಂಬಿದರು. ಅದರ ಕೆಳಗೆ ಹಳೆಯ ತೂಕದ ಚೀಟಿಯ ಅಕ್ಷರದಲ್ಲೇ ಒಂದು ಸಾಲು ಬರೆದು, ಸಹಿ ಹಾಕಿ, ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು.

‘ಖಂಡಿತ ಬರುತ್ತೇವೆ. ಮೊದಲು ಮರಳು ಹೋಗಿ ಬರಲಿ.’